ಎಕೊ ರಿಪೋರ್ಟ್ ನಾರ್ಮಲ್. ಅಪ್ಪ ಯಾಕೆ ಇಷ್ಟು ಇಳಿದು ಹೋದರು?

ಶುಕ್ರವಾರ ಇಲ್ಲಿ ರಜೆ. ದೋಹಾದಲ್ಲಿ ಬೆಳಿಗ್ಗೆ ಎಂಟು ಎಂದರೆ ಊರಲ್ಲಿ ಹತ್ತೂವರೆ; ಅಪ್ಪ ಅಮ್ಮ ತಿಂಡಿ ಮುಗಿಸಿ ಫೋನಿಗೆ ಕಾಯುತ್ತಾ ಕೂತಿರುತ್ತಾರೆ. ಇಲ್ಲಿನ ಯಾವ ಕನ್ನಡದ ಮನೆಗೆ ಆ ಹೊತ್ತಿಗೆ ಹೋದರೂ ಕಿವಿಗೆ ಬೀಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ‘ಬಿಪಿ ಎಷ್ಟಿತ್ತು? ಶುಗರ್ ನೋಡಿಸಿದ್ರಾ? ಮಾತ್ರೆ ತಪ್ಪಿಸ್ತಾ ಇಲ್ಲ ತಾನೆ?’ ಆ ಕಡೆಯಿಂದ, ‘ಎಲ್ಲ ಸರಿ ಇದೆ, ನೀವು ಆರಾಮಾ?’ ಆಗೀಗ ವಾಟ್ಸ್ಯಾಪ್‌ನಲ್ಲಿ ಎಕೊ ರಿಪೋರ್ಟಿನ ಫೋಟೊ ಬರುತ್ತದೆ. ಇಎಫ್ 55 ಎಂದು ಕಂಡರೆ ನಮಗೆಲ್ಲ ಸಮಾಧಾನ.

ಆಮೇಲೆ ವರ್ಷದ ರಜೆಗೆ ಊರಿಗೆ ಹೋಗುತ್ತೇವೆ. ಗೇಟು ತೆಗೆಯಲು ಬಂದ ಅಪ್ಪನ ಅಂಗಿ ಹೆಗಲಿನಿಂದ ಜೋತುಬಿದ್ದಿರುತ್ತದೆ. ವಾಚಿನ ಬೆಲ್ಟಿಗೆ ಇನ್ನೊಂದು ತೂತು ಬಿದ್ದಿರುತ್ತದೆ. ಜಗಲಿಯ ಎರಡು ಮೆಟ್ಟಿಲು ಹತ್ತುವಾಗ ಕಂಬ ಹಿಡಿಯುತ್ತಾರೆ. ಹೃದಯದ ರಿಪೋರ್ಟು ಚೆನ್ನಾಗಿದೆ, ಮನುಷ್ಯ ಮಾತ್ರ ಇಳಿದು ಹೋಗಿದ್ದಾರೆ. ಕೊಲ್ಲಿಯಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ರಜೆ ಮುಗಿಸಿ ವಾಪಸಾದ ಮೇಲೆ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತಿದು.

ಹೃದಯದ ಕಾಯಿಲೆ ಇರುವ ಹಿರಿಯರಲ್ಲಿ ಹೀಗೆ ಶಕ್ತಿ ಸೋರಿ ಹೋಗುವುದಕ್ಕೆ ವೈದ್ಯರು ‘ಫ್ರೇಲ್ಟಿ’ ಎನ್ನುತ್ತಾರೆ. ಕನ್ನಡದಲ್ಲಿ ನಿತ್ರಾಣ ಎಂದರೆ ಹತ್ತಿರ ಬರುತ್ತದೆ. ಆದರೆ ನಾವು ನಿತ್ರಾಣವನ್ನು ಜ್ವರ ಬಂದು ಬಿಟ್ಟ ಮೇಲಿನ ನಾಲ್ಕು ದಿನದ ಸುಸ್ತಿಗೆ ಬಳಸುತ್ತೇವೆ. ಇದು ತಿಂಗಳುಗಟ್ಟಲೆ, ಸದ್ದಿಲ್ಲದೆ ನಡೆಯುವಂಥದ್ದು. ವಯಸ್ಸಾಯಿತು ಎಂದರೂ ಇದೇ ಅಲ್ಲ. ಎಂಬತ್ತೈದರಲ್ಲಿ ತೋಟ ಸುತ್ತಿ ಬರುವವರಿದ್ದಾರೆ, ಎಪ್ಪತ್ತಕ್ಕೇ ಹೊಸ್ತಿಲು ದಾಟಲು ಅಂಜುವವರಿದ್ದಾರೆ. ಲೆಕ್ಕಪತ್ರದ ಕೆಲಸ ಮಾಡುವ ನಮಗೆ ಇದು ಅರ್ಥವಾಗುವುದು ಹೀಗೆ: ಪುಸ್ತಕದಲ್ಲಿ ಲಾಭ ತೋರಿಸುವ ಕಂಪನಿಯೂ ಕೈಯಲ್ಲಿ ನಗದಿಲ್ಲದೆ ಒಂದು ಸಣ್ಣ ಬಿಲ್ಲಿಗೆ ಮುಗ್ಗರಿಸುತ್ತದೆ. ದೇಹದಲ್ಲಿ ಮೀಸಲು ಶಕ್ತಿ ಇಲ್ಲದಿದ್ದರೆ ಎರಡು ದಿನದ ಭೇದಿ, ಒಂದು ಹೊಸ ಮಾತ್ರೆ, ಬಚ್ಚಲಲ್ಲಿ ಒಂದು ಸಣ್ಣ ಜಾರುವಿಕೆ ಸಾಕು, ಹಿರಿಯರು ಹಾಸಿಗೆ ಹಿಡಿಯುತ್ತಾರೆ.

2001ರಲ್ಲಿ ಅಮೆರಿಕದ ಲಿಂಡಾ ಫ್ರೈಡ್ ಮತ್ತು ಸಂಗಡಿಗರು ಇದಕ್ಕೊಂದು ಅಳತೆ ಕೊಟ್ಟರು. ಹೃದ್ರೋಗದ ಅಧ್ಯಯನಕ್ಕಾಗಿಯೇ ಸೇರಿಸಿಕೊಂಡಿದ್ದ, 65 ದಾಟಿದ 5,317 ಜನರ ಮಾಹಿತಿಯಿಂದ ಬಂದ ಅಳತೆ ಅದು. ಪಥ್ಯ ಮಾಡದೆಯೇ ವರ್ಷದಲ್ಲಿ ನಾಲ್ಕೂವರೆ ಕಿಲೊ ತೂಕ ಇಳಿಯುವುದು, ಏನು ಮಾಡಿದರೂ ಆಯಾಸ ಎನಿಸುವುದು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಐದರಲ್ಲಿ ಮೂರು ಇದ್ದರೆ ಫ್ರೇಲ್ಟಿ, ಒಂದೆರಡು ಇದ್ದರೆ ಅದರ ಹೊಸ್ತಿಲಲ್ಲಿದ್ದಾರೆ ಎಂದು ಲೆಕ್ಕ. ಈ ಐದರಲ್ಲಿ ಯಾವುದೂ ಎಕೊ ರಿಪೋರ್ಟಿನಲ್ಲಿ ಬರೆದಿರುವುದಿಲ್ಲ ಎಂಬುದನ್ನು ಗಮನಿಸಿ. ಇಎಫ್ ಎಂದರೆ ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಪ್ರತಿ ಬಡಿತಕ್ಕೆ ಹೊರಗೆ ಹೋಗುತ್ತದೆ ಎಂಬ ಸಂಖ್ಯೆ ಅಷ್ಟೆ. ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಸಂಖ್ಯೆ ಚೆನ್ನಾಗಿಯೇ ಇರುತ್ತದೆ.

ಹೃದಯದ ಕಾಯಿಲೆಗೂ ನಿತ್ರಾಣಕ್ಕೂ ಯಾಕೆ ಇಷ್ಟು ನಂಟು? ರಕ್ತ ಸರಿಯಾಗಿ ತಲುಪದ ಸ್ನಾಯು ಬಡವಾಗುತ್ತದೆ. ಉಸಿರು ಬರುತ್ತದೆಂದು ಮನುಷ್ಯ ನಡೆಯುವುದನ್ನು ಬಿಡುತ್ತಾನೆ, ನಡೆಯದಿದ್ದರೆ ಸ್ನಾಯು ಇನ್ನಷ್ಟು ಕರಗುತ್ತದೆ, ಆಗ ಸ್ವಲ್ಪ ನಡೆದರೂ ಉಸಿರು ಬರುತ್ತದೆ. ಜತೆಗೆ ಊಟದ ವಿಷಯ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿದ್ದಾರೆ, ಸರಿಯೇ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲೇ ದಿನದ ಐದು ಗ್ರಾಮಿನ ಮಿತಿ ಮುಟ್ಟುವ ಮನೆಗಳು ನಮ್ಮವು. ಆದರೆ ಸಪ್ಪೆ ಸಾರು ಸೇರದೆ ಎರಡು ತುತ್ತಿಗೆ ಕೈ ತೊಳೆಯುವವರನ್ನೂ ನೋಡುತ್ತೇವೆ. ಬೆಳಗಿನ ಹೊತ್ತು ಆರೇಳು ಮಾತ್ರೆ ನುಂಗಿದ ಹೊಟ್ಟೆಗೆ ಹಸಿವೂ ಕಡಿಮೆ. ಇನ್ನು ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚು ಹೋಗಲು ಕೊಡುವ ಮಾತ್ರೆ: ಅದನ್ನು ನುಂಗಿದ ಮೇಲೆ ಎಲ್ಲಿ ದಾರಿಯಲ್ಲಿ ಅವಸರವಾಗುತ್ತದೋ ಎಂದು ಮದುವೆ, ಸಂತೆ, ದೇವಸ್ಥಾನ ಎಲ್ಲ ನಿಂತು ಹೋಗುತ್ತದೆ. ಫೋನಿನಲ್ಲಿ ಯಾವ ಅಪ್ಪನೂ ಮಗಳಿಗೆ ಇದನ್ನು ಹೇಳುವುದಿಲ್ಲ.

ನಮ್ಮ ಅಪ್ಪಯ್ಯನಿಗೆ 81. ತೀರ್ಥಹಳ್ಳಿ ಕಡೆಯ ಊರು, ಸ್ಟೆಂಟ್ ಹಾಕಿಸಿ ಆರು ವರ್ಷವಾಯಿತು, ಕಾಲಿಗೆ ನೀರು ಬರುವ ತೊಂದರೆ ಎರಡು ವರ್ಷದಿಂದ. ನಾವು ಮೂವರು ಮಕ್ಕಳಲ್ಲಿ ಒಬ್ಬರು ಇಲ್ಲಿ, ತಂಗಿ ಟೊರಾಂಟೊದಲ್ಲಿ, ತಮ್ಮ ಊರಿನ ಮನೆಯಲ್ಲಿ. ಮೂವರೂ ಸೇರಿ ಒಂದು ಎಕ್ಸೆಲ್ ಶೀಟು ಇಟ್ಟಿದ್ದೇವೆ (ನಮ್ಮ ವೃತ್ತಿಯ ಚಟ, ತಂಗಿ ನಗುತ್ತಾಳೆ). ಅದರಲ್ಲಿ ತೂಕದ ಕಾಲಂ ಒಂದು ವಿಷಯ ಕಲಿಸಿತು. ಹಾರ್ಟ್ ಫೇಲ್ಯೂರ್ ಇರುವವರು ದಿನಾ ಬೆಳಿಗ್ಗೆ ತೂಕ ನೋಡಬೇಕು, ಮೂರು ದಿನದಲ್ಲಿ ಎರಡು ಕಿಲೊ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ, ಕೂಡಲೇ ಡಾಕ್ಟರಿಗೆ ಹೇಳಿ ಎನ್ನುವುದು ಬಹಳ ಮನೆಗಳಿಗೆ ಗೊತ್ತಿದೆ. ಗೊತ್ತಿಲ್ಲದಿರುವುದು ಇನ್ನೊಂದು ಬದಿ. ತೂಕ ಆರು ತಿಂಗಳಿನಿಂದ 58ರಲ್ಲೇ ನಿಂತಿದೆ ಎಂದರೆ ಎಲ್ಲ ಸ್ಥಿರವಾಗಿದೆ ಎಂದಲ್ಲ. ಎರಡು ಕಿಲೊ ಸ್ನಾಯು ಹೋಗಿ ಎರಡು ಕಿಲೊ ನೀರು ಸೇರಿದ್ದರೂ ತಕ್ಕಡಿ 58 ಎಂದೇ ತೋರಿಸುತ್ತದೆ. ನಿವ್ವಳ ಮೊತ್ತ ಮಾತ್ರ ನೋಡಿದರೆ ಜಮೆ ಯಾವುದು, ಖರ್ಚು ಯಾವುದು ಕಾಣುವುದಿಲ್ಲ. ಅದಕ್ಕೇ ತೂಕದ ಜತೆಗೆ ಪಾದದ ಊತ, ತೋಳು ತೊಡೆಗಳ ದಪ್ಪ, ಪಂಚೆ ಸುತ್ತು ಎಷ್ಟು ಬರುತ್ತದೆ ಎಂಬುದನ್ನೂ ಕೇಳಬೇಕು.

ಫೋನಿನಲ್ಲೇ ನೋಡಬಹುದಾದದ್ದು

ವಿಡಿಯೊ ಕರೆ ಬಂದ ಮೇಲೆ ದೂರದಲ್ಲಿರುವವರಿಗೂ ಕೆಲವು ಪರೀಕ್ಷೆಗಳು ಸಾಧ್ಯ. ಇವು ಆಸ್ಪತ್ರೆಯವರು ಬಳಸುವಂಥವೇ. ಮೊದಲನೆಯದು ನಡಿಗೆ. ಜಗಲಿಯಲ್ಲೋ ಅಂಗಳದಲ್ಲೋ ಟೇಪ್ ಹಿಡಿದು ಐದು ಮೀಟರ್ ಗುರುತು ಮಾಡಿಸಿ. ಒಂದೆರಡು ಹೆಜ್ಜೆ ಹಿಂದಿನಿಂದ ಶುರು ಮಾಡಿ, ದಿನಾ ನಡೆಯುವ ವೇಗದಲ್ಲೇ ನಡೆಯಲಿ. ಕೋಲು ಹಿಡಿಯುವವರು ಕೋಲು ಹಿಡಿದೇ ನಡೆಯಲಿ. ಆ ಐದು ಮೀಟರಿಗೆ ಆರು ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ನಡಿಗೆ ನಿಧಾನ ಎಂದರ್ಥ. ಈ ಆರು ಸೆಕೆಂಡ್ ಸುಮ್ಮನೆ ಬಂದದ್ದಲ್ಲ. ಕೆನಡಾ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಬಂದ 70 ದಾಟಿದ 131 ಜನರನ್ನು ಮೊದಲೇ ನಡೆಸಿ ನೋಡಿದ ಜೊನಾಥನ್ ಅಫಿಲಾಲೊ ಮತ್ತವರ ತಂಡ, ನಿಧಾನವಾಗಿ ನಡೆದವರಲ್ಲಿ ಸಾವು ಅಥವಾ ದೊಡ್ಡ ತೊಡಕಿನ ಸಂಭವ ಸುಮಾರು ಮೂರು ಪಟ್ಟು ಎಂದು 2010ರಲ್ಲಿ ಪ್ರಕಟಿಸಿತು.

ಎರಡನೆಯದು ಕುರ್ಚಿಯಿಂದ ಏಳುವುದು. ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿ ಬೇಕು, ಜಾರುವ ಪ್ಲಾಸ್ಟಿಕ್ ಕುರ್ಚಿ ಬೇಡ. ಕೈಗಳನ್ನು ಎದೆಗೆ ಕಟ್ಟಿ ಐದು ಸಲ ಎದ್ದು ಕೂರಬೇಕು. ಏಷ್ಯಾದವರಿಗೆಂದು 2019ರಲ್ಲಿ ತಜ್ಞರ ತಂಡವೊಂದು ಗೊತ್ತುಪಡಿಸಿದ ಮಿತಿ 12 ಸೆಕೆಂಡ್. ಅದೇ ತಂಡ ಹೇಳಿದ ಇನ್ನೊಂದು ಅಳತೆ ಕಾಲಿನ ಮೀನಖಂಡದ ಸುತ್ತಳತೆ: ದಪ್ಪನೆಯ ಜಾಗದಲ್ಲಿ ಟೈಲರ್ ಟೇಪ್ ಸುತ್ತಿದರೆ ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಸ್ನಾಯು ಕರಗಿರುವ ಅನುಮಾನ. ಕಾಲು ಊದಿದ್ದರೆ ಈ ಅಳತೆ ನಂಬುವಂತಿಲ್ಲ. ಪಕ್ಕದಲ್ಲಿ ಒಬ್ಬರು ನಿಂತಿರದೆ ಇವು ಯಾವುದನ್ನೂ ಮಾಡಿಸಬೇಡಿ. ಎದೆನೋವು ಇರುವವರಿಗೆ, ಹೊಸದಾಗಿ ಎದೆ ತೆರೆದು ಆಪರೇಷನ್ ಆದವರಿಗೆ ಡಾಕ್ಟರನ್ನು ಕೇಳದೆ ಬೇಡವೇ ಬೇಡ.

ಪರೀಕ್ಷೆ ಎಂದರೆ ಮುನಿಸಿಕೊಳ್ಳುವ ಅಪ್ಪಂದಿರೂ ಇದ್ದಾರೆ. ಅಂಥವರಿಗೆ ಪ್ರಶ್ನೆ ಬದಲಿಸಿದರೆ ಸಾಕು. ‘ಆರಾಮಾ?’ ಎಂದರೆ ‘ಆರಾಮು’ ಎಂದೇ ಉತ್ತರ ಬರುವುದು. ‘ಪೇಪರ್ ತರೋಕೆ ನೀವೇ ಹೋಗ್ತೀರಾ, ಹುಡುಗ ತಂದು ಕೊಡ್ತಾನಾ?’, ‘ಹಂಡೆಯಿಂದ ನೀರು ತೋಡಿಕೊಳ್ಳೋದು ಯಾರು?’, ‘ಕಳೆದ ವಾರ ಪೇಟೆಗೆ ಹೋಗಿದ್ರಾ?’, ‘ರಾತ್ರಿ ಎಷ್ಟು ದಿಂಬು ಹಾಕಿಕೊಳ್ತೀರಿ?’ ಎಂದು ಕೇಳಿ ನೋಡಿ. ಕೊನೆಯ ಪ್ರಶ್ನೆ ಹೃದಯದ್ದು. ಚಪ್ಪಟೆ ಮಲಗಿದರೆ ಉಸಿರು ಕಟ್ಟುವವರು ದಿಂಬಿನ ಮೇಲೆ ದಿಂಬು ಇಡುತ್ತಾರೆ. ಉಳಿದವು ಶಕ್ತಿಯವು. ಮೂರು ತಿಂಗಳ ಹಿಂದಿನ ಉತ್ತರ ನೆನಪಿಟ್ಟುಕೊಂಡು ಈಗಿನದನ್ನು ಹೋಲಿಸಿದರೆ ಯಾವ ದಿಕ್ಕಿಗೆ ಸಾಗುತ್ತಿದ್ದಾರೆಂದು ತಿಳಿಯುತ್ತದೆ.

ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕು. ವಿದೇಶದ ಹಣ ಬರುವ ಮನೆಗಳಲ್ಲಿ ಹಿರಿಯರಿಗೆ ಕೆಲಸವೇ ಉಳಿದಿರುವುದಿಲ್ಲ. ಹೂ ಕೊಯ್ಯಲು ಒಬ್ಬರು, ಅಂಗಳ ಗುಡಿಸಲು ಒಬ್ಬರು, ನೀರು ಕೈಗೆ ತಂದು ಕೊಡಲು ಇನ್ನೊಬ್ಬರು. ‘ನೀವು ಸುಮ್ನೆ ಕೂತ್ಕೊಳ್ಳಿ ಅಪ್ಪಾಜಿ, ಹಾರ್ಟ್ ಪೇಷೆಂಟು’ ಎಂದು ಎಲ್ಲರೂ ಹೇಳುವವರೇ. ಮಗ ಕಳಿಸಿದ ಮೆತ್ತನೆಯ ಒರಗು ಕುರ್ಚಿಯಲ್ಲಿ ಬೆಳಿಗ್ಗೆ ಕೂತವರು ಸಂಜೆ ಏಳುತ್ತಾರೆ. ಪ್ರೀತಿಯೇ ಇದು, ಅನುಮಾನವಿಲ್ಲ. ಆದರೆ ಸ್ನಾಯುವಿಗೆ ಪ್ರೀತಿ ಗೊತ್ತಾಗುವುದಿಲ್ಲ. ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಕಾಲುಗಳಲ್ಲೇ ಸುಮಾರು ಒಂದು ಕಿಲೊ ಸ್ನಾಯು ಕರಗಿತ್ತು. ಹೃದಯದ ತೊಂದರೆಗೆ ಆಸ್ಪತ್ರೆ ಸೇರಿ ವಾರ ಮಲಗಿದವರು ‘ಹಾರ್ಟ್ ಸರಿ ಹೋಯ್ತು, ಕಾಲೇ ಬರ್ತಿಲ್ಲ’ ಎಂದು ಮನೆಗೆ ಬರುವುದು ಇದೇ ಕಾರಣಕ್ಕೆ. ಬೆಡ್ಡಿನಲ್ಲಿರುವಾಗಲೇ ದಿನಕ್ಕೆ ಎರಡು ಸಲ ಕೂರಿಸಬಹುದೇ, ವಾರ್ಡಿನಲ್ಲಿ ನಡೆಸಬಹುದೇ ಎಂದು ಅಲ್ಲಿರುವ ತಮ್ಮನಿಂದಲೋ ಭಾವನಿಂದಲೋ ಡಾಕ್ಟರನ್ನು ಕೇಳಿಸಿ.

ಆಪರೇಷನ್ ಮಾಡಿಸುವುದೇ, ಬೇಡವೇ

ದೂರದಲ್ಲಿರುವ ಮಕ್ಕಳ ಎದೆ ಹೆಚ್ಚು ಬಡಿದುಕೊಳ್ಳುವುದು ಈ ಹೊತ್ತಿನಲ್ಲಿ. ಇಲ್ಲಿನ ಗೆಳೆಯರೊಬ್ಬರ ತಾಯಿಗೆ 79, ಹಾಸನದ ಕಡೆಯವರು. ಹೃದಯದ ಮಹಾಪಧಮನಿಯ ಕವಾಟ ಗಟ್ಟಿಯಾಗಿ ಕಿರಿದಾಗಿತ್ತು. ಮೂರು ದೇಶಗಳಲ್ಲಿ ಹಂಚಿಹೋದ ಮಕ್ಕಳು ರಾತ್ರಿ ಒಂದು ಗಂಟೆಗೆ ಗ್ರೂಪ್ ಕಾಲ್‌ನಲ್ಲಿ ಸೇರಿದರು. ಎದೆ ತೆರೆದು ಕವಾಟ ಬದಲಿಸುವುದೇ, ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ಟಾವಿ ಮಾಡಿಸುವುದೇ ಎಂಬ ಚರ್ಚೆ. ಟಾವಿಯನ್ನು 2002ರಲ್ಲಿ ಫ್ರಾನ್ಸಿನ ರೂವಾನ್‌ನಲ್ಲಿ ಅಲಾನ್ ಕ್ರಿಬಿಯೆ ಮೊದಲ ಬಾರಿಗೆ ಮನುಷ್ಯರಲ್ಲಿ ಮಾಡಿದರು. ಈಗ ಬೆಂಗಳೂರಿನಲ್ಲೂ ಆಗುತ್ತದೆ. ಮಕ್ಕಳು ಖರ್ಚು, ಆಸ್ಪತ್ರೆ, ರಜೆ ಎಲ್ಲ ಲೆಕ್ಕ ಹಾಕಿದ್ದರು. ಎರಡನೇ ಅಭಿಪ್ರಾಯಕ್ಕೆ ಹೋದಾಗ ಅಲ್ಲಿನ ಹಿರಿಯ ವೈದ್ಯರು ಸ್ಕ್ಯಾನ್ ನೋಡುವ ಮೊದಲು ಆ ತಾಯಿಯನ್ನು ಕಾರಿಡಾರಿನಲ್ಲಿ ನಡೆಸಿದರು, ಪೆನ್ ಹಿಡಿಸಿದರು, ‘ಅಮ್ಮಾ, ಮನೆಯಲ್ಲಿ ಅಡುಗೆ ಯಾರದು?’ ಎಂದು ವಿಚಾರಿಸಿದರು. ಕೊನೆಗೆ ಟಾವಿಯೇ ಆಯಿತು. ಆದರೆ ಅದಕ್ಕೆ ಮುಂಚೆ ಐದು ವಾರ ಊಟ ಸರಿಪಡಿಸಿ, ಅವರ ಕವಾಟ ತಡೆಯುವಷ್ಟೇ ಹಗುರವಾದ ವ್ಯಾಯಾಮ ಮಾಡಿಸಿದರು.

ಎಲ್ಲರಿಗೂ ಹಾಗೆ ಕಾಯಲು ಸಮಯವಿರುವುದಿಲ್ಲ. ಕೆಲವು ಕವಾಟ ಕಾಯುವುದಿಲ್ಲ. ತೀರಾ ಬಡವಾದ ದೇಹಕ್ಕೆ ಯಾವ ಚಿಕಿತ್ಸೆಯೂ ಬದುಕಿನ ಗುಣ ಹೆಚ್ಚಿಸದು ಎಂದು ವೈದ್ಯರು ಹೇಳುವುದೂ ಉಂಟು. ಆ ಮಾತನ್ನು ಕೈಚೆಲ್ಲುವುದೆಂದು ತಿಳಿಯಬಾರದು ಎಂದು ನಮ್ಮ ಅನಿಸಿಕೆ. ಇನ್ನೊಂದು ಬದಿಯೂ ಇದೆ. ವಯಸ್ಸು 80 ಎಂಬ ಒಂದೇ ಕಾರಣಕ್ಕೆ ಗಟ್ಟಿಮುಟ್ಟಾದ ಹಿರಿಯರಿಗೆ ಚಿಕಿತ್ಸೆ ನಿರಾಕರಿಸುವುದೂ ಅಷ್ಟೇ ತಪ್ಪು. ಕೆನಡಾದ ಕೆನೆತ್ ರಾಕ್‌ವುಡ್ ಅವರ ತಂಡ 2005ರಲ್ಲಿ ಕೊಟ್ಟ, ಈಗ 1ರಿಂದ 9ರವರೆಗಿರುವ ಒಂದು ಅಳತೆಗೋಲು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ವೈದ್ಯರು ನೋಡುವುದು ಕಾಯಿಲೆ ಬೀಳುವುದಕ್ಕೆ ಎರಡು ವಾರ ಮೊದಲು ಈ ಮನುಷ್ಯ ತಾನಾಗಿ ಏನೇನು ಮಾಡಿಕೊಳ್ಳುತ್ತಿದ್ದ ಎಂಬುದನ್ನು. ಐಸಿಯುನಲ್ಲಿ ಮಲಗಿದವರನ್ನು ನೋಡಿ ಅದು ತಿಳಿಯುವುದಿಲ್ಲ. ಮನೆಯವರು ಹೇಳಬೇಕು. ‘ಎರಡು ವಾರದ ಹಿಂದೆ ತೋಟಕ್ಕೆ ಹೋಗಿ ಬರುತ್ತಿದ್ದರು ಸಾರ್’ ಎಂಬ ಒಂದು ವಾಕ್ಯ ಬೆಲೆಯುಳ್ಳದ್ದು. ಅಪಾಯಿಂಟ್‌ಮೆಂಟಿಗೆ ಹೋಗುವಾಗ ರಿಪೋರ್ಟಿನ ಫೈಲಿನ ಮೇಲೆ ಇದನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿ.

ಕಳೆದುಕೊಂಡ ಶಕ್ತಿ ಮತ್ತೆ ಬರುತ್ತದೆಯೇ? ಪೂರ್ತಿ ಅಲ್ಲದಿದ್ದರೂ ಬರುತ್ತದೆ. ಅಮೆರಿಕದಲ್ಲಿ ಹಾರ್ಟ್ ಫೇಲ್ಯೂರ್‌ನಿಂದ ಆಸ್ಪತ್ರೆ ಸೇರಿದ, 60 ದಾಟಿದ 349 ಜನರ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಅವರಲ್ಲಿ ಬಹುತೇಕ ಎಲ್ಲರೂ ನಿತ್ರಾಣರು ಅಥವಾ ಅದರ ಹೊಸ್ತಿಲಲ್ಲಿದ್ದವರು. ಅರ್ಧ ಜನರಿಗೆ ವಾರಕ್ಕೆ ಮೂರು ದಿನದಂತೆ ಮೂರು ತಿಂಗಳು ಬಲ, ಸಮತೋಲ, ನಡಿಗೆ, ತಾಳಿಕೆ ಈ ನಾಲ್ಕಕ್ಕೂ ತರಬೇತಿ ಕೊಟ್ಟರು. ನಡಿಗೆ, ನಿಲುವು, ಕುರ್ಚಿಯಿಂದ ಏಳುವುದನ್ನು ಸೇರಿಸಿ 12 ಅಂಕಕ್ಕೆ ಅಳೆದಾಗ ತರಬೇತಿ ಪಡೆದವರು 8.3, ಪಡೆಯದವರು 6.9. ಮತ್ತೆ ಆಸ್ಪತ್ರೆ ಸೇರುವುದು ಇದರಿಂದ ಗಣನೀಯವಾಗಿ ಕಡಿಮೆಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಹಾಗಾಗಿ ಇದನ್ನು ಮಂತ್ರದಂಡ ಎಂದುಕೊಳ್ಳಬಾರದು. ಆದರೆ ತಾನೇ ಎದ್ದು ಬಚ್ಚಲಿಗೆ ಹೋಗುವುದು ಎಂಬತ್ತರ ಮನುಷ್ಯನಿಗೆ ಎಂಥ ದೊಡ್ಡ ವಿಷಯ ಎಂದು ಅವರನ್ನೇ ಕೇಳಿ.

ಮನೆಯಲ್ಲಿ ಮಾಡಬಹುದಾದದ್ದು ಸರಳ. ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಅಂಗಳದಲ್ಲಿ ನಡೆಯುವುದು. ಮಾತಾಡುತ್ತಾ ಮಾಡುವಷ್ಟು ಮಾತ್ರ. ಮಾತು ನಿಂತರೆ ವ್ಯಾಯಾಮವೂ ನಿಲ್ಲಬೇಕು. ಶುರುವಿಗೆ ಹೃದ್ರೋಗ ತಜ್ಞರ ಒಪ್ಪಿಗೆ ಮತ್ತು ಕೆಲವು ವಾರ ಮನೆಗೆ ಬರುವ ಫಿಸಿಯೊಥೆರಪಿಸ್ಟ್ ಬೇಕು. ಇಲ್ಲಿ ನಮ್ಮ ಜನರ ಲೆಕ್ಕಾಚಾರ ವಿಚಿತ್ರ. ಸ್ಟೆಂಟ್ ಎಂದರೆ ಒಂದೇ ರಾತ್ರಿಯಲ್ಲಿ ಲಕ್ಷಗಳು ಊರಿಗೆ ಹೋಗುತ್ತವೆ. ಫಿಸಿಯೊ ಎಂದರೆ ‘ವಾರಕ್ಕೆ ಮೂರು ಸಲವಾ? ಎಷ್ಟು ತಿಂಗಳು?’ ಎಂದು ಚೌಕಾಸಿ.

ಊಟದಲ್ಲಿ ಪ್ರೋಟೀನ್ ನೋಡಿ. ಹಿರಿಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೊಗೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರ ಸಲಹೆ; 60 ಕಿಲೊದವರಿಗೆ 60ರಿಂದ 72 ಗ್ರಾಂ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಚಹಾ ರಸ್ಕು, ರಾತ್ರಿ ಗಂಜಿ: ಇದರಲ್ಲಿ ಅರ್ಧವೂ ಸೇರುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, ಒಂದು ಹಿಡಿ ಕಡಲೆಕಾಯಿಯಲ್ಲಿ 7ರಷ್ಟು. ಸಾರಿನ ಬದಲು ಗಟ್ಟಿ ತೊವ್ವೆ, ಮೊಳಕೆಕಾಳಿನ ಪಲ್ಯ, ತಿನ್ನುವವರಿಗೆ ಮೀನು. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕವೇ ಬೇರೆ, ಡಾಕ್ಟರ್ ಹೇಳಿದಷ್ಟೇ. ಇಲ್ಲಿಂದ ಸೂಟ್‌ಕೇಸಿನಲ್ಲಿ ಪ್ರೋಟೀನ್ ಡಬ್ಬಿ ಹೊತ್ತೊಯ್ಯುವವರಿಗೂ ಇದೇ ಮಾತು.

ಮಾತ್ರೆಗಳ ಬಗ್ಗೆ ಒಂದು ಕೆಲಸ. ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿಸಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ತಲೆ ತಿರುಗಿ ಬೀಳುವ ಅಪಾಯವಿದೆ, ಡಾಕ್ಟರಿಗೆ ತಿಳಿಸಿ. ಫೋನಿನಲ್ಲಿ ನಾವೇ ‘ಆ ಮಾತ್ರೆ ಬಿಡಿ’ ಎನ್ನುವ ಹಾಗಿಲ್ಲ.

ಕೆಲವರು ಅಪ್ಪ ಅಮ್ಮನನ್ನು ಇಲ್ಲಿಗೇ ಕರೆಸಿಕೊಳ್ಳುತ್ತಾರೆ. ನವೆಂಬರಿನಿಂದ ಫೆಬ್ರುವರಿವರೆಗೆ ಬಂದರೆ ಚೆಂದ. ಜುಲೈನ 45 ಡಿಗ್ರಿಯಲ್ಲಿ ನೀರಿನ ಮಾತ್ರೆ ತೆಗೆದುಕೊಳ್ಳುವವರು ಬೇಗ ಬಳಲುತ್ತಾರೆ. ಹನ್ನೊಂದನೇ ಮಹಡಿಯ ಫ್ಲಾಟಿನಲ್ಲಿ ಮೂರು ತಿಂಗಳು ಟಿವಿ ನೋಡಿದರೆ ಇದ್ದ ಕಾಲಿನ ಶಕ್ತಿಯೂ ಹೋಗುತ್ತದೆ. ಆದರೆ ಮಾಲ್‌ಗಳ ಸಮತಟ್ಟಾದ ತಂಪು ನೆಲದಲ್ಲಿ ಬೆಳಿಗ್ಗೆ ಸೀರೆ ಉಟ್ಟು, ಕಾಲಿಗೆ ಬೂಟು ಹಾಕಿ ನಡೆಯುವ ನಮ್ಮೂರ ಅಮ್ಮಂದಿರನ್ನು ನೋಡುವುದೇ ಒಂದು ಖುಷಿ.

ಇಷ್ಟೆಲ್ಲ ಹೇಳಿದರೂ ಕುರ್ಚಿಯ ಪಕ್ಕ ನಿಂತು ಕೈಕೊಡುವವರು ಊರಿನಲ್ಲಿರುವವರೇ: ತಮ್ಮ, ಅವನ ಹೆಂಡತಿ, ಹಲವು ಮನೆಗಳಲ್ಲಿ ಸ್ವತಃ ಎಪ್ಪತ್ತೈದರ ಅಮ್ಮ. ತೊವ್ವೆ ಗಟ್ಟಿ ಮಾಡಿ, ಬಿಪಿ ಎರಡು ಸಲ ನೋಡಿ, ನಡೆಸಿ ಎಂದು ಇಲ್ಲಿಂದ ಪಟ್ಟಿ ಕಳಿಸುವುದು ಸುಲಭ. ನಮ್ಮ ಮನೆಯಲ್ಲಿ ಕೆಲಸ ಹಂಚಿಕೊಂಡಿದ್ದೇವೆ. ಅಪಾಯಿಂಟ್‌ಮೆಂಟ್, ಔಷಧಿ ಆರ್ಡರ್, ವಿಮೆಯ ಕಾಗದಪತ್ರ ದೋಹಾದ ಜವಾಬ್ದಾರಿ. ಟೊರಾಂಟೊದ ತಂಗಿ ತನ್ನ ರಾತ್ರಿ ಎಂಟಕ್ಕೆ, ಅಂದರೆ ಊರಿನ ಬೆಳಗಿಗೆ, ವಿಡಿಯೊ ಕರೆ ಮಾಡಿ ಅಪ್ಪಯ್ಯನ ಜತೆ ತಾನೂ ಕುರ್ಚಿಯಿಂದ ಎದ್ದು ಕೂರುತ್ತಾಳೆ; ಎಣಿಸುವುದು ಅಪ್ಪಯ್ಯನೇ. ತಮ್ಮನ ಹೆಂಡತಿ ವರ್ಷಕ್ಕೆ ಎರಡು ಸಲ ಹತ್ತು ದಿನ ತವರಿಗೆ ಹೋಗುತ್ತಾಳೆ. ಆಗ ನಮ್ಮಲ್ಲೊಬ್ಬರು ಊರಿನಲ್ಲಿರುವಂತೆ ರಜೆ ಹಾಕುತ್ತೇವೆ. ಹಾಗೆ ಯಾರೂ ಇಲ್ಲದ ಮನೆಯವರು ಕೇಂದ್ರ ಸರ್ಕಾರದ ಹಿರಿಯ ನಾಗರಿಕರ ಸಹಾಯವಾಣಿ 14567 ಅನ್ನು ಅಪ್ಪ ಅಮ್ಮನ ಫೋನಿನಲ್ಲಿ ಉಳಿಸಿ ಕೊಡಿ. ಮುಂದಿನ ಸಲ ಊರಿಗೆ ಹೋದಾಗ ಬಚ್ಚಲಲ್ಲಿ ಹಿಡಿಕೆ ಕೂರಿಸಲು ಕೆಲಸದವರನ್ನು ಈಗಲೇ ಹೇಳಿಡಿ. ರಜೆಯ ಹದಿನೈದು ದಿನದಲ್ಲಿ ಅವರು ಸಿಗುವುದಿಲ್ಲ.